ಆಂಟೆನಾಗೆ ತಲೆ ಕೊಟ್ರಿ, ಬುಡ ಮರೆತ್ರಿ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಲ್ಲಿ ಹ್ಯಾಮ್ ರೇಡಿಯೋ ಬಗ್ಗೆ, ಅಂದ್ರೆ ಲೈಸೆನ್ಸ್ ತಗೊಂಡು ಹವ್ಯಾಸಕ್ಕೆ ರೇಡಿಯೋದಲ್ಲಿ ಮಾತಾಡೋದರ ಬಗ್ಗೆ, ಒಂದು ಇಡೀ ಪುಟ ಬಂತಲ್ಲ, ನೋಡಿ ತುಂಬಾ ಖುಷಿ ಆಯ್ತು, ಇದನ್ನ ಮೊದಲೇ ಹೇಳಿಬಿಡ್ತೀನಿ ಯಾಕಂದ್ರೆ ಇನ್ನು ಮುಂದೆ ಬರೋದೆಲ್ಲ ತಕರಾರೇ. ನಾನು ಇಪ್ಪತ್ತು ವರ್ಷದಿಂದ ಈ ಹವ್ಯಾಸಕ್ಕೆ ಬಿದ್ದೋನು, ಪೇಪರ್‌ನಲ್ಲಿ ನಮ್ಮ ಬಗ್ಗೆ ನಾಲ್ಕು ಸಾಲು ಬಂದ್ರೂ ಕತ್ತರಿಸಿ ಫೈಲ್‌ನಲ್ಲಿ ಇಟ್ಕೊಳ್ಳೋ ಪೈಕಿ. ನಿಮ್ಮ ಪುಟಾನೂ ಇಟ್ಕೊಂಡಿದೀನಿ, ಆದ್ರೆ ಅದರಲ್ಲಿ ಒಂದು ಸಾಲಿನ ಕೆಳಗೆ ಕೆಂಪು ಪೆನ್ನಲ್ಲಿ ಗೀಟು ಹಾಕಿದೀನಿ. ಐದು ಮೀಟರ್ ತಂತಿ ಒಂದು ಕೋಲಿಗೆ ಕಟ್ಟಿ ನೆಟ್ಟಗೆ ನಿಲ್ಲಿಸಿದ್ರೆ ಪೋರ್ಟಬಲ್ ಆಂಟೆನಾ ರೆಡಿ, ಅಲ್ಲಿಂದ ಪ್ರಪಂಚದ ಯಾವ ಮೂಲೆಗಾದ್ರೂ ಮಾತಾಡಬಹುದು ಅನ್ನೋ ಅರ್ಥದ ಸಾಲು ಅದು. ಪಕ್ಕದಲ್ಲೇ ಒಂದು ದೊಡ್ಡ ಫೋಟೋ, ಮೈದಾನದಲ್ಲಿ ಒಬ್ರು ಕೂತ್ಕೊಂಡು ರೇಡಿಯೋ ತಿರುಗಿಸ್ತಿದಾರೆ, ಹಿಂದೆ ಆಂಟೆನಾ ಕೋಲು ಆಕಾಶಕ್ಕೆ ಚಾಚಿದೆ, ತುದಿ ತನಕ ನೀಟಾಗಿ ಬಂದಿದೆ. ಆದ್ರೆ ಕೋಲಿನ ಬುಡ ಇರಬೇಕಾದ ಜಾಗದಲ್ಲಿ ನಿಮ್ಮ ಜಾಹೀರಾತು ಬಂದು ಕೂತಿದೆ.

ಇಷ್ಟಕ್ಕೆಲ್ಲ ಪತ್ರ ಬರೀಬೇಕಾ ಅಂತ ನಾನೂ ಸುಮ್ಮನಿದ್ದೆ. ಬರೆಸಿದ್ದು ನನ್ನ ತಂಗಿ ಮಗಳು. ಅವಳು ಹೊಸದಾಗಿ ಪರೀಕ್ಷೆ ಪಾಸ್ ಮಾಡಿ ಲೈಸೆನ್ಸ್ ತಗೊಂಡಿದಾಳೆ, ಕಾಲ್‌ಸೈನ್, ಅಂದ್ರೆ ರೇಡಿಯೋದಲ್ಲಿ ಅವಳ ಗುರುತಿನ ಸಂಕೇತ, ಬಂದ ದಿನದಿಂದ ಕೈ ತುರಿಸ್ತಿತ್ತು, ನಿಮ್ಮ ಪುಟ ಓದಿದ್ದೇ ತಡ ತಂತಿ ಅಳೆದು ಕತ್ತರಿಸಿ ಕೋಲಿಗೆ ಕಟ್ಟಿ ರೇಡಿಯೋದಿಂದ ಆಂಟೆನಾಗೆ ಬರೋ ಕೋ-ಆಕ್ಸಿಯಲ್ ಕೇಬಲ್ಲಿನ ನಡುತಂತಿಗೆ ಬೆಸುಗೆ ಹಾಕಿ ಮೈದಾನಕ್ಕೆ ಹೋಗಿ ನಿಲ್ಲಿಸಿದಾಳೆ, ಕೇಬಲ್ಲಿನ ಹೊರಗಿನ ಜಾಲರಿ ಇದೆಯಲ್ಲ ಅದನ್ನ ಎಲ್ಲಿಗೆ ಸೇರಿಸಬೇಕು ಅಂತ ಲೇಖನದಲ್ಲಿ ಇಲ್ಲದ ಕಾರಣ ಅದನ್ನ ಮಡಚಿ ಟೇಪ್ ಸುತ್ತಿ ಬಿಟ್ಟಿದಾಳೆ. ಬೆಳಗ್ಗಿಂದ ಮಧ್ಯಾಹ್ನದ ತನಕ ಕರೆದಿದ್ದೇ ಕರೆದಿದ್ದು, ಒಬ್ರೂ ಓ ಅನ್ಲಿಲ್ಲ. ಆಮೇಲೆ ನನಗೆ ಫೋನು. ನಾನು ಹೋಗೋ ಹೊತ್ತಿಗೆ ಅನಲೈಸರ್ ಹಚ್ಕೊಂಡು ಕೂತಿದ್ಳು, ಆಂಟೆನಾ ಅಳೆಯೋ ಅಂಗೈಯಷ್ಟಗಲದ ನ್ಯಾನೋವಿಎನ್ಎ, ಅದರ ಪರದೆ ಮೇಲಿನ ಗೆರೆ ತೋರಿಸಿ ಹೇಳಿದ್ಳು: "ಮಾಮ, ಇಲ್ನೋಡು, ಕೇಬಲ್ ಮುಟ್ಟಿದ್ರೆ ಒಂದು ನಂಬರು, ಬಿಟ್ರೆ ಇನ್ನೊಂದು. ಕೇಬಲ್ಲನ್ನ ಹುಲ್ಲಿನ ಮೇಲೆ ಸ್ವಲ್ಪ ಸರಿಸಿದ್ರೆ ಮೂರನೇದು. ಮಷೀನೇ ಕೆಟ್ಟಿದೆಯಾ?"

ಮಷೀನು ಕೆಟ್ಟಿರ್ಲಿಲ್ಲ ಸಂಪಾದಕರೇ, ಆಂಟೆನಾಗೆ ಬುಡಾನೇ ಇರ್ಲಿಲ್ಲ. ನೆಟ್ಟಗೆ ನಿಲ್ಲಿಸಿದ ತಂತಿ ಅಂದ್ರೆ ಅರ್ಧ ಆಂಟೆನಾ ಅಷ್ಟೇ. ನಡುತಂತಿಯಿಂದ ಎಷ್ಟು ಕರೆಂಟ್ ಮೇಲಕ್ಕೆ ಹೋಗುತ್ತೋ ಅಷ್ಟೇ ಕರೆಂಟ್ ಜಾಲರಿ ಕಡೆಯಿಂದಾನೂ ಹರೀಬೇಕು, ಅದಕ್ಕೊಂದು ದಾರಿ ಬೇಕು. ನೀವು ದಾರಿ ಮಾಡಿಕೊಡದೇ ಹೋದ್ರೆ ಅದು ತಾನೇ ಹುಡುಕ್ಕೊಳ್ಳುತ್ತೆ, ಕೇಬಲ್ಲಿನ ಹೊರಮೈ ಮೇಲೆ ಹರಿದು ರೇಡಿಯೋ ಪೆಟ್ಟಿಗೆ ತನಕ ಬಂದು ಅಲ್ಲಿಂದ ಮೈಕು ಹಿಡಿದವರ ಕೈವರೆಗೂ ಬರುತ್ತೆ. ಅಂದ್ರೆ ಅವಳ ಆಂಟೆನಾದ ಉಳಿದರ್ಧ ಆ ಹುಲ್ಲಿನ ಮೇಲೆ ಬಿದ್ದಿದ್ದ ಕೇಬಲ್ಲೇ ಆಗಿತ್ತು, ಅವಳು ಮುಟ್ಟಿದಾಗೆಲ್ಲ ಆಂಟೆನಾನೇ ಮುಟ್ತಿದ್ಳು. ನಂಬರ್ ಕುಣಿಯದೆ ಇನ್ನೇನು. ಸ್ವಲ್ಪ ಜಾಸ್ತಿ ಪವರ್ ಹಾಕಿ ಮೈಕಿನ ಲೋಹ ತುಟಿಗೆ ತಾಕಿದ್ರೆ ಚುರ್ ಅನ್ನೋದೂ ಇದೇ ಕಾರಣಕ್ಕೆ, ನನ್ನ ತುಟಿಗೆ ಅದರ ಅನುಭವ ಚೆನ್ನಾಗೇ ಇದೆ.

ಇದೇನು ಹೊಸ ವಿಷಯ ಅಲ್ಲ. ಮಾರ್ಕೋನಿ 1890ರ ದಶಕದಲ್ಲೇ ತಂತಿಯ ಒಂದು ತುದಿ ಮೇಲಕ್ಕೆತ್ತಿ ಇನ್ನೊಂದು ಕಡೆ ನೆಲಕ್ಕೆ ಸೇರಿಸಿದ್ದ, ಹಾಗೆ ಮಾಡಿದ್ಮೇಲೇ ಅವನ ಸಿಗ್ನಲ್ ದೂರ ಹೋಗೋಕೆ ಶುರು ಆಗಿದ್ದು, ಕಾಲು ಅಲೆಯುದ್ದದ, ಅಂದ್ರೆ ರೇಡಿಯೋ ಅಲೆಯ ಉದ್ದದಲ್ಲಿ ನಾಲ್ಕನೇ ಒಂದು ಪಾಲಿನ, ನೆಟ್ಟನೆ ಆಂಟೆನಾಗೆ ಮಾರ್ಕೋನಿ ಆಂಟೆನಾ ಅಂತಾನೇ ಇವತ್ತಿಗೂ ಹೆಸರಿದೆ. ಆದ್ರೆ ನೆಲಕ್ಕೆ ಒಂದು ಕಬ್ಬಿಣದ ಗೂಟ ಹೊಡೆದ್ರೆ ಮುಗೀತು ಅಂದ್ಕೋಬೇಡಿ, ಗೂಟ ಸಿಡಿಲಿಗೆ ಬೇಕು, ರೇಡಿಯೋ ಕರೆಂಟಿಗೆ ಸಾಲದು. ಮಣ್ಣು ಒಳ್ಳೆ ವಾಹಕ ಅಲ್ಲ, ಅದು ಒಂದು ದೊಡ್ಡ ರೆಸಿಸ್ಟರ್ ಇದ್ದ ಹಾಗೆ, ಕರೆಂಟು ಅದರೊಳಗೆ ನುಗ್ಗಿ ಬರಬೇಕಾದ್ರೆ ಅರ್ಧ ದಾರಿಯಲ್ಲೇ ಶಾಖ ಆಗಿ ಹೋಗುತ್ತೆ. ಅದಕ್ಕೇ ಕೋಲಿನ ಬುಡದಿಂದ ಸುತ್ತಲೂ ಮರದ ಬೇರಿನ ಥರ ತಂತಿ ಹರಡಬೇಕು, ನಾವು ರೇಡಿಯಲ್ ಅಂತೀವಿ, ಎಲ್ಲ ರೇಡಿಯಲ್ಲೂ ಜಾಲರಿಗೆ ಸೇರುತ್ತೆ, ಕರೆಂಟು ಮಣ್ಣು ಬಿಟ್ಟು ತಾಮ್ರದಲ್ಲಿ ಹರಿದು ವಾಪಸ್ ಬರುತ್ತೆ. ಸಮುದ್ರದ ಉಪ್ಪುನೀರಿನ ಪಕ್ಕ ನಿಲ್ಲಿಸಿದವರಿಗೆ ಮಾತ್ರ ಈ ತಲೆನೋವು ಕಮ್ಮಿ, ಆ ನೀರು ಮಣ್ಣಿಗಿಂತ ನೂರಾರು ಪಟ್ಟು ಒಳ್ಳೆ ವಾಹಕ, ಅಲ್ಲಿ ಇದೇ ಐದು ಮೀಟರ್ ಕೋಲು ರಾಜನ ಥರ ಕೆಲಸ ಮಾಡುತ್ತೆ.

ಸರಿ, ಆವತ್ತು ನಾವು ಏನು ಮಾಡಿದ್ವಿ ಅಂತ ಹೇಳ್ತೀನಿ, ನಿಮ್ಮ ಓದುಗರಲ್ಲಿ ಇನ್ಯಾರಾದ್ರೂ ಲೈಸೆನ್ಸ್ ಇರೋರು ಹೀಗೇ ತಂತಿ ಕತ್ತರಿಸಿ ಕೂತಿದ್ರೆ ಅವರಿಗೂ ಉಪಯೋಗ ಆಗ್ಲಿ. ಮೊದಲು ಲೆಕ್ಕ. ಮೆಗಾಹರ್ಟ್ಜ್‌ನಲ್ಲಿ ಫ್ರೀಕ್ವೆನ್ಸಿ ತಗೊಂಡು 71.3ನ್ನ ಅದರಿಂದ ಭಾಗಿಸಿದ್ರೆ ಕಾಲು ಅಲೆ ತಂತಿಯ ಉದ್ದ ಮೀಟರ್‌ನಲ್ಲಿ ಸಿಗುತ್ತೆ. 14.15ಕ್ಕೆ ಸುಮಾರು 5.04 ಮೀಟರ್, 21.2ಕ್ಕೆ 3.36, 28.4ಕ್ಕೆ ಎರಡೂವರೆ, 7.1ಕ್ಕೆ ಹತ್ತು ಮೀಟರ್. ಇದು ಪೇಪರ್ ಮೇಲಿನ ಲೆಕ್ಕ. ಪ್ಲಾಸ್ಟಿಕ್ ಹೊದಿಕೆ ಇರೋ ತಂತಿ ಆದ್ರೆ ಇನ್ನೂ ಸ್ವಲ್ಪ ಗಿಡ್ಡ ಆಗಬೇಕು, ಕೋಲು, ನೆಲ, ಪಕ್ಕದ ಬೇಲಿ ಎಲ್ಲ ತಮ್ಮ ಪಾಲು ಎಳೀತವೆ, ಅದಕ್ಕೆ ಯಾವಾಗ್ಲೂ ಒಂದು ಗೇಣು ಉದ್ದಾನೇ ಇಟ್ಕೊಂಡು ಶುರು ಮಾಡೋದು. ನಮ್ಮ ಹುಡುಗಿ 5.20 ಮೀಟರ್ ಕತ್ತರಿಸಿದ್ಳು, ರೇಡಿಯಲ್ ಹಾಕಿದ್ಮೇಲೆ ನೋಡಿದ್ರೆ ಅನುರಣನೆ, ಅಂದ್ರೆ ಆಂಟೆನಾ ತಾನಾಗೇ ಶ್ರುತಿಗೂಡೋ ಫ್ರೀಕ್ವೆನ್ಸಿ, 13.6ರಲ್ಲಿ ಕೂತಿತ್ತು, ಬೇಕಾಗಿದ್ದು 14.15. ಕಟಿಂಗ್ ಪ್ಲೇಯರ್ ಎತ್ಕೊಂಡ್ಳು, ನಾನು ಕೈ ಹಿಡಿದೆ. ಕತ್ತರಿಸಬೇಡ, ಮಡಚು. ತುದಿಯಿಂದ ಇಪ್ಪತ್ತು ಸೆಂಟಿಮೀಟರ್ ಹಿಂದಕ್ಕೆ ಮಡಚಿ ಅದೇ ತಂತಿಗೆ ಬಿಗಿಯಾಗಿ ಹೊಸೆದುಬಿಟ್ರೆ ಆಂಟೆನಾ ಪಾಲಿಗೆ ಅಷ್ಟು ಗಿಡ್ಡ ಆದ ಹಾಗೇ. ಈ ಉದ್ದದಲ್ಲಿ ಒಂದು ಸೆಂಟಿಮೀಟರಿಗೆ 27, 28 ಕಿಲೋಹರ್ಟ್ಜ್ ಸರಿಯುತ್ತೆ, ಲೆಕ್ಕ ಹಾಕಿ ಮಡಚಿದ್ರೆ ಎರಡನೇ ಸಲಕ್ಕೆ ಸರಿಹೋಗುತ್ತೆ. ನಾಳೆ ಬೇರೆ ಕಡೆ ಹೋದಾಗ ನೆಲ ಬೇರೆ, ಆಗ ಬಿಚ್ಚಿ ಮತ್ತೆ ಉದ್ದ ಮಾಡಬಹುದು. ಕತ್ತರಿಸಿದ ತಂತಿ ಬೆಳೆಯಲ್ಲ.

ಕೋಲಿನ ವಿಷಯ ಬೇಗ ಮುಗಿಸ್ತೀನಿ. ಮೀನು ಹಿಡಿಯೋ ಗಾಳದ ಕೋಲು, ಒಂದರೊಳಗೊಂದು ಸೇರೋ ಥರದ್ದು, ಆರೇಳು ಮೀಟರ್ ಬಿಚ್ಚಿಕೊಳ್ಳೋದು, ಅದೇ ಎಲ್ಲಕ್ಕಿಂತ ಹಗುರ. ಆದ್ರೆ ಫೈಬರ್‌ಗ್ಲಾಸ್‌ದೇ ಆಗಬೇಕು, ಕಾರ್ಬನ್ ಕೋಲು ಬೇಡವೇ ಬೇಡ, ಕಾರ್ಬನ್ ಕರೆಂಟ್ ಹಾಯಿಸುತ್ತೆ. ನನಗೆ ಇದು ಗೊತ್ತಾಗೋಕೆ ಒಂದು ಇಡೀ ಭಾನುವಾರ ಹೋಗಿತ್ತು, ಚೆನ್ನಾಗಿ ಕಾಣುತ್ತೆ ಅಂತ ಕರೀ ಕೋಲು ತಂದು ಅದಕ್ಕೆ ತಂತಿ ಕಟ್ಟಿ ಯಾವ ಉದ್ದಕ್ಕೆ ಟ್ಯೂನ್ ಮಾಡಿದ್ರೂ ಎಲ್ಲೋ ಓಡಿಹೋಗ್ತಿತ್ತು, ಸಾಯಂಕಾಲ ಮೀಟರ್ ಹಚ್ಚಿ ಕೋಲನ್ನೇ ಅಳೆದಾಗ ಬೆಪ್ಪಾದೆ. ತಂತಿಯನ್ನ ಕೋಲಿಗೆ ಬಳ್ಳಿ ಥರ ಸುತ್ತಬೇಡಿ, ನೇರವಾಗಿ ಇಳಿಬಿಟ್ಟು ಅಲ್ಲಲ್ಲಿ ಟೇಪ್ ಹಾಕಿ. ಮೂರು ಕಡೆಗೆ ಸಣ್ಣ ನೈಲಾನ್ ಹಗ್ಗ, ಮೂರು ಗೂಟ, ಆಯ್ತು.

ಬುಡದಲ್ಲಿ ಒಂದು ಪ್ಲಾಸ್ಟಿಕ್ ತುಂಡು, ಅದಕ್ಕೆ ಕೇಬಲ್ ಸೇರಿಸೋ ಎಸ್‌ಒ-239 ಸಾಕೆಟ್, ಸಾಕೆಟ್ಟಿನ ನಡುಪಿನ್ನಿಗೆ ಮೇಲೆ ಹೋಗೋ ತಂತಿ, ಸಾಕೆಟ್ಟಿನ ಮೈಗೆ ಒಂದು ಬೋಲ್ಟು, ಆ ಬೋಲ್ಟಿಗೆ ಎಲ್ಲ ರೇಡಿಯಲ್ಲು. ಇಲ್ಲಿ ಒಂದು ವಿಷಯ ಯಾರೂ ಹೇಳಲ್ಲ. ಮನೆಯಲ್ಲಿ ಮಾಡಿದ ಪೋರ್ಟಬಲ್ ಆಂಟೆನಾ ಸಾಯೋದು ಬೆಸುಗೆ ಮುಗಿಯೋ ಜಾಗದಲ್ಲಿ. ಬೆಸುಗೆ ಹಾಕುವಾಗ ಸೀಸ ಕರಗಿ ಎಳೆ ಎಳೆ ತಂತಿಯೊಳಗೆ ಒಂದಿಷ್ಟು ದೂರ ಏರಿಬಿಡುತ್ತೆ, ಅಲ್ಲಿ ತನಕ ತಂತಿ ಕಡ್ಡಿ ಥರ ಗಟ್ಟಿ, ಅಲ್ಲಿಂದಾಚೆ ಮೆತ್ತಗೆ, ಬಿಚ್ಚಿ ಕಟ್ಟಿ ಬಿಚ್ಚಿ ಕಟ್ಟಿ ಮಾಡಿದಾಗ ಸರಿಯಾಗಿ ಆ ಗಡಿಯಲ್ಲೇ ಮಡಿಸಿ ಮಡಿಸಿ ಎಳೆಗಳು ಒಂದೊಂದೇ ತುಂಡಾಗ್ತಾ ಬರ್ತವೆ, ಹೊದಿಕೆ ಮಾತ್ರ ನೆಟ್ಟಗಿರುತ್ತೆ, ಮೇಲಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಗಾಳಿ ಬೀಸಿದಾಗ ಸಿಗ್ನಲ್ ಬಂದು ಹೋಗಿ ಮಾಡ್ತಿದ್ರೆ ಮೊದಲು ಅಲ್ಲಿ ಚಿವುಟಿ ನೋಡಿ. ಪರಿಹಾರ ಸುಲಭ, ಪ್ಲಾಸ್ಟಿಕ್ ತುಂಡಿನಲ್ಲಿ ಎರಡು ತೂತು ಕೊರೆದು ತಂತಿಯನ್ನ ಒಂದರಲ್ಲಿ ಒಳಗೆ ಒಂದರಲ್ಲಿ ಹೊರಗೆ ತೂರಿಸಿ ಆಮೇಲೆ ಬೆಸುಗೆ ಜಾಗಕ್ಕೆ ಕೊಂಡೊಯ್ದರೆ ಎಳೆತ ಎಲ್ಲ ತೂತಿನ ಮೇಲೆ ಬೀಳುತ್ತೆ.

ಈಗ ರೇಡಿಯಲ್. ಮನೆಯಲ್ಲಿ ಒಂದು ನಲವತ್ತು ಮೀಟರ್ ಹಳೇ ಸಣ್ಣ ತಂತಿ ಇತ್ತು. ಹತ್ತತ್ತು ಮೀಟರಿನ ನಾಲ್ಕು ಮಾಡೋದಾ ಎರಡೂವರೆ ಮೀಟರಿನ ಹದಿನಾರು ಮಾಡೋದಾ ಅಂತ ಅವಳು ಕೇಳಿದ್ಳು, ಒಳ್ಳೇ ಪ್ರಶ್ನೆ. ನೆಲದ ಮೇಲೆ ಹಾಸೋದಾದ್ರೆ ಹದಿನಾರೇ ಸರಿ. ನೆಲಕ್ಕೆ ಅಂಟಿಕೊಂಡ ತಂತಿಗೆ ಇಷ್ಟೇ ಉದ್ದ ಇರಬೇಕು ಅನ್ನೋ ಹಟ ಇಲ್ಲ, ಮಣ್ಣು ಅದರ ಟ್ಯೂನಿಂಗನ್ನ ಹೇಗೂ ಕೆಡಿಸಿರುತ್ತೆ. ಕರೆಂಟು ದಟ್ಟವಾಗಿ ಇರೋದು ಕೋಲಿನ ಬುಡದ ಸುತ್ತಮುತ್ತ, ಅಲ್ಲಿ ತಾಮ್ರ ದಟ್ಟವಾಗಿ ಹರಡಿದ್ರೆ ಲಾಭ ಜಾಸ್ತಿ. 1937ರಲ್ಲೇ ಬ್ರೌನ್, ಲೂಯಿಸ್, ಎಪ್‌ಸ್ಟೀನ್ ಅನ್ನೋ ಮೂವರು ಎಂಜಿನಿಯರ್‌ಗಳು ಹೊಲದಲ್ಲಿ ತಂತಿ ಹೂತು, ಎರಡರಿಂದ ಶುರು ಮಾಡಿ 113 ರೇಡಿಯಲ್ ತನಕ ಏರಿಸ್ತಾ ಹೋಗಿ ಪ್ರತಿ ಸಲಾನೂ ಸಿಗ್ನಲ್ ಅಳೆದು ಪ್ರಬಂಧ ಬರೆದಿದಾರೆ. ರೇಡಿಯಲ್ ಕಮ್ಮಿ ಇದ್ದಾಗ ಅವನ್ನ ಉದ್ದ ಮಾಡಿ ಹೆಚ್ಚು ಪ್ರಯೋಜನ ಇಲ್ಲ ಅಂತ ಅದರಲ್ಲೇ ಕಾಣುತ್ತೆ. ಮೀಡಿಯಂ ವೇವ್ ರೇಡಿಯೋ ಸ್ಟೇಷನ್ನುಗಳ ಟವರ್ ಕೆಳಗೆ 120 ತಂತಿ ಹೂಳೋ ಪದ್ಧತಿ ಬಂದಿದ್ದೂ ಅಲ್ಲಿಂದಾನೇ. ಆ ಟವರ್ ಫೋಟೋ ತೆಗೆಯೋರೂ ನಿಮ್ಮ ಫೋಟೋಗ್ರಾಫರ್ ಥರಾನೇ, ಮೇಲಕ್ಕೇ ನೋಡ್ತಾರೆ, ಕಾಲ ಕೆಳಗಿನ ತಾಮ್ರ ಯಾರಿಗೂ ಬೇಡ.

ನಮ್ಮದು ಮೈದಾನದ ಕೆಲಸ, 120 ಎಲ್ಲಿ ಹಾಕೋದು. ನಾಲ್ಕು ನಾಲ್ಕರಂತೆ ಹಾಕ್ತಾ ಪ್ರತಿ ಸಲ ಅನಲೈಸರ್ ನೋಡೋಣ ಅಂದೆ. ಮೊದಲ ನಾಲ್ಕು ಹಾಸಿದ್ವಿ, ಕೇಬಲ್ ಮುಟ್ಟಿದ್ರೆ ಕುಣಿಯೋ ನಂಬರು ಬಹುಪಾಲು ನಿಂತೇ ಹೋಯ್ತು, ಅನುರಣನೆಯಲ್ಲಿ ಆಂಟೆನಾದ ರೋಧ 52 ಓಮ್, ಎಸ್‌ಡಬ್ಲ್ಯೂಆರ್ (ಕೇಬಲ್ಲಿಗೂ ಆಂಟೆನಾಗೂ ಎಷ್ಟು ಹೊಂದಿಕೆ ಅನ್ನೋ ಅಳತೆ, 1 ಅಂದ್ರೆ ಪೂರ್ತಿ ಹೊಂದಿಕೆ) 1.04. ಹುಡುಗಿ ಕುಣಿದುಬಿಟ್ಳು, 50 ಓಮ್ ಕೇಬಲ್ಲಿಗೆ ಇದಕ್ಕಿಂತ ಇನ್ನೇನು ಬೇಕು, ಇಲ್ಲಿಗೆ ನಿಲ್ಲಿಸೋಣ ಮಾಮ ಅಂದ್ಳು. ಇನ್ನು ನಾಲ್ಕು ಹಾಕು ಅಂದೆ. 46 ಓಮ್. ಇನ್ನೆಂಟು ಹಾಕಿ ಹದಿನಾರಾದಾಗ 41 ಓಮ್, ಎಸ್‌ಡಬ್ಲ್ಯೂಆರ್ 1.22ಕ್ಕೆ ಏರಿತು. ಅವಳ ಮುಖ ಇಳೀತು. "ಕೆಡಿಸಿಬಿಟ್ವಿ, ಚೆನ್ನಾಗಿದ್ದಿದ್ದು ಹಾಳಾಯ್ತು, ಹನ್ನೆರಡು ಕಿತ್ತು ಹಾಕೋಣ."

ಸಂಪಾದಕರೇ, ನಾನು ಈ ಪತ್ರ ಬರೀತಿರೋದೇ ಈ ಒಂದು ಘಳಿಗೆಗೋಸ್ಕರ. ಕಾಲು ಅಲೆ ಕೋಲು ಪಕ್ಕಾ ವಾಹಕದಂಥ ನೆಲದ ಮೇಲೆ ನಿಂತಿದ್ರೆ ಬುಡದಲ್ಲಿ ಸುಮಾರು 36 ಓಮ್ ತೋರಿಸಬೇಕು, ಅದು ಆಕಾಶಕ್ಕೆ ಹೋಗೋ ಪಾಲು. ಮೀಟರ್ 52 ಓಮ್ ತೋರಿಸಿದೆ ಅಂದ್ರೆ ಉಳಿದ 16 ಎಲ್ಲಿಂದ ಬಂತು? ಮಣ್ಣಿಂದ. ಹದಿನಾರು ರೇಡಿಯಲ್ ಆದ್ಮೇಲೆ 41 ಅಂದ್ರೆ ಮಣ್ಣಿನ ಪಾಲು 5ಕ್ಕೆ ಇಳಿದಿದೆ ಅಂತ. ಮೊದಲು ನೂರು ವ್ಯಾಟ್ ಹಾಕಿದ್ರೆ 69 ಮಾತ್ರ ಮೇಲಕ್ಕೆ ಹೋಗ್ತಿತ್ತು, ಈಗ 88 ಹೋಗುತ್ತೆ, ಮೀಟರ್ ಮಾತ್ರ ಇವಳಿಗೆ ಉಲ್ಟಾ ಚಾಡಿ ಹೇಳ್ತಿದೆ. ಎಸ್‌ಡಬ್ಲ್ಯೂಆರ್ ಅನ್ನೋದು ಕೇಬಲ್ಲಿಗೂ ಅದರ ತುದಿಗೆ ಕಟ್ಟಿದ ವಸ್ತುವಿಗೂ ಜಾತಕ ಕೂಡಿದೆಯಾ ಅಂತಷ್ಟೇ ಹೇಳುತ್ತೆ, ಆ ವಸ್ತು ಸಿಗ್ನಲ್ ಹೊರಗೆ ಹಾಕ್ತಿದೆಯಾ ಒಳಗೇ ಬೇಯಿಸ್ತಿದೆಯಾ ಅನ್ನೋದು ಅದಕ್ಕೆ ಗೊತ್ತೇ ಇಲ್ಲ. ನಂಬಿಕೆ ಬರದಿದ್ರೆ 50 ಓಮ್ ಡಮ್ಮಿ ಲೋಡ್, ಅಂದ್ರೆ ಪವರನ್ನೆಲ್ಲ ಶಾಖ ಮಾಡೋ ರೆಸಿಸ್ಟರ್, ಹಚ್ಚಿ ನೋಡಿ, ಎಲ್ಲ ಬ್ಯಾಂಡಲ್ಲೂ 1.0 ತೋರಿಸುತ್ತೆ, ಪಕ್ಕದ ಬೀದಿಗೂ ಕೇಳಿಸಲ್ಲ. ನಮ್ಮ ಹವ್ಯಾಸದಲ್ಲೇ ಎಷ್ಟೋ ಜನ ಹಳಬರು ಎಸ್‌ಡಬ್ಲ್ಯೂಆರ್ 1.1 ಅಂತ ಎದೆ ಉಬ್ಬಿಸ್ಕೊಂಡು ಹೇಳ್ತಾರೆ, ಅವರ ಮುಂದೆ ಇದನ್ನ ಹೇಳಿದ್ರೆ ಮುಖ ಗಂಟಿಕ್ತಾರೆ. ಹಾಗೆ ನೋಡಿದ್ರೆ 2 ಬಂದ್ರೂ ವಾಪಸ್ ಬರೋದು ನೂರಕ್ಕೆ ಹನ್ನೊಂದು ಪಾಲು, ಅದೂ ಪೂರ್ತಿ ಹಾಳಾಗಲ್ಲ, ಇದಕ್ಕಾಗಿ ನಿದ್ದೆ ಕೆಡಿಸ್ಕೊಳ್ಳೋದು ದಂಡ.

ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. 69ಕ್ಕೂ 88ಕ್ಕೂ ಇರೋ ವ್ಯತ್ಯಾಸ ಬರೀ ಒಂದು ಡಿಬಿ (ಡೆಸಿಬೆಲ್, ಸಿಗ್ನಲ್ ಬಲ ಹೋಲಿಸೋ ಅಳತೆ), ಕೇಳೋರ ಕಿವಿಗೆ ಗೊತ್ತಾಗೋದೇ ಇಲ್ಲ. ಹಾಗಾದ್ರೆ ಇಷ್ಟು ಗಲಾಟೆ ಯಾಕೆ ಅಂತೀರಾ? ಪೂರ್ತಿ ಉದ್ದದ ಕೋಲಿಗೆ ನಾಲ್ಕಾರು ರೇಡಿಯಲ್ ಇದ್ರೆ ಹೇಗೋ ನಡೆಯುತ್ತೆ, ಒಂದೂ ಇಲ್ಲದಿದ್ರೆ ನಡೆಯಲ್ಲ. ನಿಜವಾದ ಏಟು ಬೀಳೋದು ಗಿಡ್ಡ ಕೋಲಿಗೆ. ಅದೇ ಐದು ಮೀಟರ್ ತಂತಿಗೆ ಬುಡದಲ್ಲಿ ಒಂದು ಕಾಯಿಲ್ ಸುತ್ತಿ 7 ಮೆಗಾಹರ್ಟ್ಜ್‌ಗೆ ಇಳಿಸಬಹುದು, ಎಲ್ಲರೂ ಮಾಡ್ತಾರೆ, ಯಾಕಂದ್ರೆ ಹತ್ತು ಮೀಟರ್ ಕೋಲು ಹೊತ್ಕೊಂಡು ಹೋಗೋಕಾಗಲ್ಲ. ಆಗ ಆಕಾಶದ ಪಾಲು 36 ಓಮ್‌ನಿಂದ ಆರೂವರೆ ಓಮ್ ಹತ್ರಕ್ಕೆ ಕುಸಿಯುತ್ತೆ. ಕಾಯಿಲಿನ ನಷ್ಟ ಒಂದು 5 ಓಮ್, ನಾಲ್ಕು ತುಂಡು ರೇಡಿಯಲ್ ಹಾಸಿದ ಒಣ ನೆಲದ ನಷ್ಟ ಒಂದು 25 ಅಂತ ಇಟ್ಕೊಳ್ಳಿ, ಒಟ್ಟು 36.5, ಎಸ್‌ಡಬ್ಲ್ಯೂಆರ್ 1.4 ಕೂಡ ದಾಟಲ್ಲ, ಮೀಟರ್ ನೋಡಿದೋರು ಭೇಷ್ ಅಂತಾರೆ, ಮೇಲಕ್ಕೆ ಹೋಗ್ತಿರೋದು ನೂರಕ್ಕೆ ಹದಿನೆಂಟು. ಉಳಿದಿದ್ದೆಲ್ಲ ಮಣ್ಣು ಕಾಯಿಸೋಕೆ. ಇಲ್ಲಿ ರೇಡಿಯಲ್ ಸೇರಿಸಿ ಮಣ್ಣಿನ ಪಾಲನ್ನ 25ರಿಂದ 12ಕ್ಕೆ ಇಳಿಸಿದ್ರೆ ಹೆಚ್ಚುಕಮ್ಮಿ ಎರಡು ಡಿಬಿ ಗಿಟ್ಟುತ್ತೆ, ಐದು ವ್ಯಾಟ್ ಇಟ್ಕೊಂಡು ಗದ್ದಲದ ಮಧ್ಯೆ ಒದ್ದಾಡೋರಿಗೆ ಆ ಎರಡು ಡಿಬಿ ಏನು ಅಂತ ಗೊತ್ತು. ಕಾಯಿಲನ್ನ ಬುಡದ ಬದಲು ಕೋಲಿನ ನಡುಭಾಗಕ್ಕೆ ಏರಿಸಿದ್ರೂ ಆಕಾಶದ ಪಾಲು ಜಾಸ್ತಿ ಆಗುತ್ತೆ, ಆದ್ರೆ ಗಾಳಿಗೆ ಕೋಲು ತೂಗಾಡೋಕೆ ಶುರು ಮಾಡುತ್ತೆ, ಅದು ಬೇರೆ ರಾಮಾಯಣ.

ರೇಡಿಯಲ್ ಹಾಸೋಕೆ ಬೇಜಾರು ಅನ್ನೋರಿಗೆ ಇನ್ನೊಂದು ದಾರಿ ಇದೆ, ಬುಡವನ್ನೇ ನೆಲದಿಂದ ಮೇಲೆತ್ತಿ ಕಾಲು ಅಲೆ ಉದ್ದದ ಎರಡೋ ನಾಲ್ಕೋ ರೇಡಿಯಲ್ ಗಾಳಿಯಲ್ಲಿ ಚಾಚಿಬಿಡೋದು. ನೆಲದ ಮೇಲಿನ ಹತ್ತಾರು ತಂತಿಯ ಕೆಲಸ ಇವು ನಾಲ್ಕೇ ಮಾಡ್ತವೆ. ಆದ್ರೆ ಇಲ್ಲಿ ಉದ್ದ ಕರಾರುವಾಕ್ಕಾಗಿ ಇರಬೇಕು, ಹೇಗೆಂದ್ರೆ ಹಾಗೆ ನಡೆಯಲ್ಲ. ಇನ್ನೊಂದು, ಈ ತಂತಿಗಳು ಸರಿಯಾಗಿ ಓಡಾಡೋರ ಕತ್ತಿನ ಎತ್ತರಕ್ಕೆ ಬರ್ತವೆ, ಮಾತಾಡುವಾಗ ಅವುಗಳ ತುದಿಯಲ್ಲಿ ವೋಲ್ಟೇಜ್ ಜೋರಾಗಿರುತ್ತೆ, ಮಕ್ಕಳು ಆಡೋ ಕಡೆ ನಾನಂತೂ ಹಾಕಲ್ಲ. ಹಾಕಿದ್ರೆ ಬಣ್ಣದ ಬಟ್ಟೆ ಚೂರು ಕಟ್ಟಿ ಕಾಣೋ ಹಾಗೆ ಮಾಡಿ, ಒಬ್ಬರನ್ನ ಕಾವಲಿಗೆ ನಿಲ್ಲಿಸಿ.

ಕೇಬಲ್ಲಿನ ಹೊರಮೈ ಮೇಲೆ ಉಳಿದ ಪುಂಡ ಕರೆಂಟನ್ನ ತಡೆಯೋಕೆ ಬುಡದ ಹತ್ರಾನೇ ಒಂದು ಚೋಕ್ ಹಾಕಿ. ಸಣ್ಣ ಆರ್‌ಜಿ-58 ಕೇಬಲ್ಲನ್ನ ಫೆರೈಟ್ ರಿಂಗಿನೊಳಗೆ ಹತ್ತು ಹನ್ನೆರಡು ಸುತ್ತು ಹಾಯಿಸಿದ್ರೆ ಆಯ್ತು, ರಿಂಗು 31ನೇ ನಮೂನೆಯದ್ದಾದ್ರೆ ಈ ಬ್ಯಾಂಡುಗಳಿಗೆ ಒಳ್ಳೇದು. ನಾವು ಹಾಕಿದ್ಮೇಲೆ ಅವಳು ಕೇಬಲ್ಲನ್ನ ಹಾವು ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ಎಳೆದಾಡಿದ್ಳು, ಪರದೆ ಮೇಲಿನ ಗೆರೆ ಕದಲಲಿಲ್ಲ. ಆಮೇಲೆ ಕರೆದ ಮೂರನೇ ಕರೆಗೆ ಉತ್ತರ ಬಂತು, ಸುಮಾರು ಎರಡು ಸಾವಿರ ಕಿಲೋಮೀಟರ್ ಆಚೆಯಿಂದ. ಅವಳು ಕಾಲ್‌ಸೈನ್ ಬರ್ಕೊಳ್ಳೋ ಗಡಿಬಿಡಿಯಲ್ಲಿ ಪೆನ್ನಿನ ಕ್ಯಾಪ್ ತೆಗೆಯೋದನ್ನೇ ಮರೆತು ಕಾಗದದ ಮೇಲೆ ಗೀಚ್ತಿದ್ಳು.

ಇಷ್ಟಾದ್ಮೇಲೆ ನಿಮ್ಮ ಸಾಲಿನ ಎರಡನೇ ಭಾಗ, ಪ್ರಪಂಚದ ಯಾವ ಮೂಲೆಗಾದ್ರೂ ಅನ್ನೋದು. ನೆಟ್ಟನೆ ಆಂಟೆನಾ ಸಿಗ್ನಲ್ಲನ್ನ ದಿಗಂತದ ಕಡೆಗೆ ಕೆಳಕೋನದಲ್ಲಿ ಬಿಡುತ್ತೆ, ಅದು ದೂರ ಹೋಗಿ ಇನ್ನೂರು ಮುನ್ನೂರು ಕಿಲೋಮೀಟರ್ ಎತ್ತರದ ಅಯಾನುಗೋಳದ ಎಫ್ ಪದರದಿಂದ ಬಾಗಿ ಕೆಳಗಿಳಿಯುತ್ತೆ, ದೂರದವರಿಗೆ ಒಳ್ಳೇದು. ನೆತ್ತಿ ಮೇಲಕ್ಕೆ ಮಾತ್ರ ಅದು ಏನೂ ಕಳಿಸಲ್ಲ. ಆದ್ರಿಂದ ನೂರು ಇನ್ನೂರು ಕಿಲೋಮೀಟರಿನಲ್ಲಿ ಇರೋ ಗೆಳೆಯನಿಗೆ ಈ ಆಂಟೆನಾ ಕೈ ಕೊಡುತ್ತೆ. ನಿಮ್ಮ ಪುಟದಲ್ಲಿ ಪ್ರವಾಹ, ಭೂಕಂಪ ಬಂದಾಗ ಹ್ಯಾಮ್‌ಗಳು ನೆರವಾಗ್ತಾರೆ ಅಂತ ಬರೆದು ಪಕ್ಕದಲ್ಲೇ ಈ ಕೋಲು ತೋರಿಸಿದೀರಿ, ಅಂಥ ಹೊತ್ತಲ್ಲಿ ಅಕ್ಕಪಕ್ಕದ ಜಿಲ್ಲೆ ಜೊತೆ ಮಾತು ಬೇಕು, ಅದಕ್ಕೆ 7 ಮೆಗಾಹರ್ಟ್ಜ್ ಆಸುಪಾಸಿನಲ್ಲಿ ತಗ್ಗಾಗಿ ಅಡ್ಡ ಕಟ್ಟಿದ ಡೈಪೋಲೇ, ಅಂದ್ರೆ ನಡುವಿಂದ ಎರಡು ಕಡೆಗೆ ಚಾಚಿದ ತಂತಿ ಆಂಟೆನಾನೇ, ವಾಸಿ, ಅದು ನೆತ್ತಿ ಮೇಲಕ್ಕೆ ಎಸೆದು ಸುತ್ತಲೂ ಮಳೆ ಥರ ಇಳಿಸುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದೆ ಕೋಲು ಹಿಡ್ಕೊಂಡು ಹೋದ್ರೆ ಖಂಡಾಂತರದವರು ಕೇಳಿಸ್ತಾರೆ, ಪಕ್ಕದೂರಿನವರು ಕೇಳಿಸಲ್ಲ.

ತಮ್ಮ ಆಂಟೆನಾ ಹೇಗಿದೆ ಅಂತ ತಿಳ್ಕೊಳ್ಳೋಕೆ ಮೀಟರಿಗಿಂತ ಒಳ್ಳೇ ದಾರಿ ಇವತ್ತು ಇದೆ. ಪಲ್ಸರ್ ಸಂಶೋಧನೆಗೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ತಗೊಂಡ ಜೋ ಟೇಲರ್ ಅವರೂ ನಮ್ಮ ಹಾಗೇ ಹ್ಯಾಮ್. ಅವರು 2008ರಲ್ಲಿ ಡಬ್ಲ್ಯೂಎಸ್‌ಪಿಆರ್ ಅಂತ ಒಂದು ವಿಧಾನ ಹೊರಗೆ ಬಿಟ್ರು, ನಾವು ವಿಸ್ಪರ್ ಅಂತೀವಿ. ಎರಡು ನಿಮಿಷಕ್ಕೊಂದು ಸರದಿ, ವ್ಯಾಟಿನ ಒಂದು ಚೂರು ಪವರಿನಲ್ಲಿ ನಿಮ್ಮ ಕಾಲ್‌ಸೈನ್ ಕಳಿಸಿದ್ರೆ ಎಲ್ಲೆಲ್ಲಿ ಎಷ್ಟು ಡಿಬಿಯಲ್ಲಿ ಕೇಳ್ತು ಅನ್ನೋ ವರದಿ ತಾನಾಗೇ ಇಂಟರ್ನೆಟ್‌ನಲ್ಲಿ ಬಂದು ಬೀಳುತ್ತೆ. ನಮ್ಮ ಹುಡುಗಿ ನಾಲ್ಕು ರೇಡಿಯಲ್ ಒಂದು ಸರದಿ, ಹದಿನಾರು ಒಂದು ಸರದಿ ಅಂತ ಕ್ಲಿಪ್ ಹಾಕಿ ತೆಗೆದು ಒಂದು ಸಂಜೆ ಪೂರ್ತಿ ಕೂತ್ಳು. ಒಂದೆರಡು ಸಲ ನೋಡಿ ತೀರ್ಮಾನ ಮಾಡೋಕಾಗಲ್ಲ, ಆಕಾಶವೇ ನಿಮಿಷ ನಿಮಿಷಕ್ಕೂ ಏರುಪೇರು, ಬದಲಿಸಿ ಬದಲಿಸಿ ಸರಾಸರಿ ತೆಗೀಬೇಕು. 14ರಲ್ಲಿ ವ್ಯತ್ಯಾಸ ಇದೆಯೋ ಇಲ್ಲವೋ ಅನ್ನೋ ಹಾಗಿತ್ತು, ಕಾಯಿಲ್ ಹಾಕಿದ 7ರಲ್ಲಿ ಸ್ಪಷ್ಟವಾಗಿ ಕಾಣ್ತು.

ಲೇಖನದಲ್ಲಿ ಸುರಕ್ಷತೆ ಬಗ್ಗೆ ಒಂದಕ್ಷರ ಇರ್ಲಿಲ್ಲ, ಇದೊಂದರಲ್ಲಿ ನನಗೆ ನಿಜವಾಗ್ಲೂ ಸಿಟ್ಟು ಬಂತು. ಕೋಲು ಎತ್ತೋ ಮುಂಚೆ ತಲೆ ಎತ್ತಿ ನೋಡಬೇಕು. ಕರೆಂಟ್ ತಂತಿ ಹತ್ರ ಎಲ್ಲೂ ಬೇಡ, ಕೋಲು ಯಾವ ಕಡೆಗೆ ಬಿದ್ರೂ ತಂತಿಗೆ ತಾಕಬಾರದು, ಕೋಲಿನ ಎತ್ತರದ ಎರಡು ಪಟ್ಟಾದ್ರೂ ದೂರ ಇರಬೇಕು. ಮೋಡ ಗುಡುಗಿದ ಕೂಡ್ಲೆ ಇಳಿಸಿ ಮನೆಗೆ ಹೋಗಬೇಕು, ಇನ್ನೊಂದೇ ಕಾಂಟ್ಯಾಕ್ಟ್ ಅನ್ನೋ ಆಸೆ ಬೇಡ.

ಶಾಲೆ ಮಕ್ಕಳ ಪುಟಕ್ಕೆ ಏನಾದ್ರೂ ಬೇಕು ಅಂದ್ರೆ 145 ಮೆಗಾಹರ್ಟ್ಜ್‌ನ ಪುಟ್ಟ ಗ್ರೌಂಡ್ ಪ್ಲೇನ್ ಹಾಕಿ. ಅದೇ ಎಸ್‌ಒ-239 ಸಾಕೆಟ್, ನಡುವೆ 49 ಸೆಂಟಿಮೀಟರ್ ಕಡ್ಡಿ ಮೇಲಕ್ಕೆ, ನಾಲ್ಕು ಮೂಲೆಯಿಂದ 51 ಸೆಂಟಿಮೀಟರಿನ ನಾಲ್ಕು ಕಡ್ಡಿ 45 ಡಿಗ್ರಿ ಕೆಳಗೆ ಬಾಗಿಸಿದ್ದು. ಹಾಗೆ ಬಾಗಿಸಿದಾಗ 36 ಓಮ್ ಏರಿ 50ರ ಹತ್ರ ಬರುತ್ತೆ, ಇದು ಮಣ್ಣಿನಿಂದ ಬಂದ 50 ಅಲ್ಲ, ಅಪ್ಪಟ 50. ಬುಡ ಹೇಗಿರುತ್ತೆ ಅಂತ ಮಕ್ಕಳು ಕೈಯಲ್ಲಿ ಹಿಡಿದೇ ನೋಡಬಹುದು. ಕಳಿಸೋಕೆ ಲೈಸೆನ್ಸ್ ಬೇಕು, ಕೇಳಿಸ್ಕೊಳ್ಳೋಕೂ ಅವರವರ ದೇಶದ ನಿಯಮ ನೋಡ್ಕೊಳ್ಳಿ ಅಂತ ಒಂದು ಸಾಲು ಸೇರಿಸಿ.

ಪತ್ರ ಉದ್ದ ಆಯ್ತು, ನೀವು ಕತ್ತರಿಸ್ತೀರಿ ಅಂತ ಗೊತ್ತು. ಎಷ್ಟಾದ್ರೂ ಕತ್ತರಿಸಿ, ಈ ತಿದ್ದುಪಡಿ ಮಾತ್ರ ಉಳಿಸಿ, ಸಣ್ಣ ಅಕ್ಷರದಲ್ಲಾದ್ರೂ ಪರವಾಗಿಲ್ಲ: "ಐದು ಮೀಟರ್ ತಂತಿ ನಿಲ್ಲಿಸಿದರೆ ಆಂಟೆನಾ ರೆಡಿ ಎಂದು ಪ್ರಕಟವಾಗಿದ್ದು ಪೂರ್ತಿ ಸರಿಯಲ್ಲ. 14 ಮೆಗಾಹರ್ಟ್ಜ್‌ಗೆ ಮೇಲಕ್ಕೆ ಐದು ಮೀಟರ್ ತಂತಿ ಸಾಕು, ಬುಡದಲ್ಲಿ ನೆಲಕ್ಕೆ ಹರಡಲು ಒಟ್ಟು ನಲವತ್ತು ಮೀಟರ್ ಇದ್ದರೆ ಒಳ್ಳೆಯದು."

ಜೊತೆಗೆ ಒಂದು ಫೋಟೋ ಕಳಿಸಿದೀನಿ. ಹದಿನಾರು ರೇಡಿಯಲ್ ಸೂರ್ಯನ ಕಿರಣದ ಥರ ಹುಲ್ಲಿನ ಮೇಲೆ ಹರಡಿವೆ, ನಡುವೆ ಹುಡುಗಿ ಮಂಡಿಯೂರಿ ಬೋಲ್ಟು ಬಿಗೀತಿದಾಳೆ, ಅವಳ ಮುಖ ಕಾಣಲ್ಲ, ಕೈ ಮಾತ್ರ ಕಾಣುತ್ತೆ. ಕೋಲಿನ ಮೇಲ್ಭಾಗ ಫ್ರೇಮಿಂದ ಆಚೆ ಹೋಗಿದೆ. ಹಾಗೇ ಹಾಕಿ.

ಇಂತಿ,
ನಿಮ್ಮ ಹಳೇ ಓದುಗ, ಒಬ್ಬ ರೇಡಿಯೋ ಹವ್ಯಾಸಿ